ಮಾಳಿಗೆ ಮೇಲೆ ನಾಲ್ಕು ಭೂತಗಳು

ಪ್ಯಾಕ್-ಮ್ಯಾನ್ ಅನ್ನೋ ಹಳೇ ವಿಡಿಯೋ ಆಟವನ್ನು ನಾನೊಬ್ಬನೇ ಮೊದಲಿಂದ ಕಟ್ಟಿ ಮುಗಿಸಿದೆ. ಏಳು ತಿಂಗಳು ಹಿಡಿಯಿತು. ಹಗಲು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಊಟ ಆದಮೇಲೆ ಎರಡು ತಾಸು ಲ್ಯಾಪ್‌ಟಾಪ್ ಮುಂದೆ. ಗೊಡೋ ಅನ್ನೋ ಎಂಜಿನ್, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್, ಬಳಸಿದೆ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯಲ್ಲಿ ತೋರು ಇವಾತಾನಿ ಮಾಡಿದ ಆಟ ಇದು. ಗೋಡೆಗಳ ನಡುವಿನ ಹಾದಿಯಲ್ಲಿ ಹಳದಿ ಉಂಡೆಯೊಂದನ್ನು ಓಡಿಸುತ್ತಾ, ಬೆನ್ನಟ್ಟುವ ಭೂತಗಳಿಂದ ತಪ್ಪಿಸಿಕೊಂಡು, ಚುಕ್ಕಿಗಳನ್ನೆಲ್ಲ ತಿಂದು ಮುಗಿಸಬೇಕು. ಒಂದೇ ಹಾದಿ, ಒಂದು ಹಳದಿ ಉಂಡೆ, ನಾಲ್ಕು ಭೂತ, ಅಷ್ಟೇ ಅಲ್ವಾ ಅಂತ ಇದನ್ನೇ ಆರಿಸಿಕೊಂಡೆ.

ಹಾದಿ ಬಿಡಿಸೋದು ಬೇಗ ಆಯಿತು. ಚೌಕಾಬಾರದಲ್ಲಿ ಮನೆ ಇರುತ್ತವಲ್ಲ, ಹಾಗೇ ಇಲ್ಲೂ ಮನೆಗಳು. ಅಗಲಕ್ಕೆ 28, ಉದ್ದಕ್ಕೆ 31, ಒಂದೊಂದು ಮನೆಯೂ 8 ಪಿಕ್ಸೆಲ್. ತಿನ್ನುವ ಚುಕ್ಕಿ ಒಟ್ಟು 244, ಅದರಲ್ಲಿ 4 ದೊಡ್ಡವು. ನಾನು ಒಂದು ಚುಕ್ಕಿಯನ್ನು ಗೋಡೆಯೊಳಗೆ ಇಟ್ಟುಬಿಟ್ಟಿದ್ದೆ. ಎಷ್ಟು ತಿಂದರೂ ಆಟ ಮುಗಿಯುತ್ತಿರಲಿಲ್ಲ, ಎರಡು ರಾತ್ರಿ ಅದನ್ನು ಹುಡುಕೋದರಲ್ಲೇ ಹೋಯಿತು. ಇನ್ನೊಂದು ರಾತ್ರಿ ಕರೆಂಟ್ ಹೋಗಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆರಿ, ಬರೆದದ್ದೆಲ್ಲ ಹೋಯಿತು. ಆಮೇಲಿಂದ ಸಣ್ಣ ಬದಲಾವಣೆ ಮಾಡಿದರೂ ಕೋಡಿನ ಒಂದೊಂದು ಬದಲಾವಣೆಯನ್ನೂ ಕಾದಿಡುವ ಗಿಟ್‌ನಲ್ಲಿ ಉಳಿಸಿಯೇ ಏಳುತ್ತೇನೆ.

ನಿಜವಾದ ಕೆಲಸ ಇದ್ದದ್ದು ಭೂತಗಳಲ್ಲಿ. ನಾಲ್ಕಕ್ಕೂ ಹಳದಿ ಉಂಡೆಯ ತನಕ ಅತಿ ಹತ್ತಿರದ ದಾರಿ ಹುಡುಕುವ ಕೋಡ್ ಬರೆದೆ. ಸರಿಯಾಗಿಯೇ ಓಡಿತು, ಆದರೆ ನಾಲ್ಕೂ ಒಂದರ ಹಿಂದೆ ಒಂದು ಸಾಲು ಹಿಡಿದು ಬರತೊಡಗಿದವು. ಆಟದಲ್ಲಿ ಜೀವವೇ ಇರಲಿಲ್ಲ. ಮೂಲ ಆಟ ಹೇಗೆ ನಡೆಯುತ್ತದೆ ಅಂತ ಓದಿದಾಗ ಗೊತ್ತಾಯಿತು, ಅಲ್ಲಿ ಭೂತ ದಾರಿ ಹುಡುಕುವುದೇ ಇಲ್ಲ. ಕವಲು ಬಂದಾಗ ಮುಂದಿನ ಮನೆಗಳಲ್ಲಿ ಯಾವುದು ತನ್ನ ಗುರಿಗೆ ನೇರ ಅಳತೆಯಲ್ಲಿ ಹತ್ತಿರವೋ ಅದಕ್ಕೆ ಕಾಲಿಡುತ್ತದೆ. ಸುಮ್ನೆ ಹಿಂದಕ್ಕೆ ತಿರುಗುವ ಹಾಗಿಲ್ಲ. ಬೇರೆ ಬೇರೆ ಇರುವುದು ಗುರಿ ಮಾತ್ರ. ನಾಲ್ಕು ಭೂತಗಳ ಹೆಸರು ಬ್ಲಿಂಕಿ, ಪಿಂಕಿ, ಇಂಕಿ, ಕ್ಲೈಡ್. ಬ್ಲಿಂಕಿಗೆ ಉಂಡೆ ನಿಂತ ಮನೆಯೇ ಗುರಿ. ಪಿಂಕಿಗೆ ಉಂಡೆಯ ಮುಂದಿನ ನಾಲ್ಕನೇ ಮನೆ. ಇಂಕಿಯದು ಸ್ವಲ್ಪ ತೊಡಕು: ಬ್ಲಿಂಕಿಯಿಂದ ಉಂಡೆಯ ಮುಂದಿನ ಎರಡನೇ ಮನೆಗೆ ಗೆರೆ ಎಳೆದು, ಆ ಗೆರೆಯನ್ನು ಮತ್ತೆ ಅಷ್ಟೇ ಮುಂದಕ್ಕೆ ಎಳೆದರೆ ಎಲ್ಲಿ ಮುಟ್ಟುತ್ತದೋ ಅಲ್ಲಿ. ಕ್ಲೈಡ್ ಎಂಟು ಮನೆಗಿಂತ ದೂರ ಇದ್ದರೆ ಬೆನ್ನಟ್ಟುತ್ತಾನೆ, ಹತ್ತಿರ ಬಂದರೆ ತನ್ನ ಮೂಲೆಗೆ ಹೊರಡುತ್ತಾನೆ.

ಓದಿದರೂ ತಲೆಗೆ ಇಳಿಯಲಿಲ್ಲ. ಭಾನುವಾರ ಸಂಜೆ ಮಾಳಿಗೆ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಅಕ್ಕನ ಮಗನನ್ನು ಉಂಡೆ ಮಾಡಿ, ಓಣಿಯ ನಾಲ್ಕು ಹುಡುಗರಿಗೆ ಒಬ್ಬೊಬ್ಬರಿಗೆ ಒಂದೊಂದು ನಿಯಮ ಹೇಳಿಕೊಟ್ಟೆ. ಹತ್ತು ನಿಮಿಷಕ್ಕೇ ಅಳಿಯ ಕೂಗಿದ: "ಮಾಮಾ, ಇವ ನನ್ನ ಹಿಂದ ಬರಂಗಿಲ್ಲ, ನಾ ಹೋಗೋ ಕಡೆ ಮೊದ್ಲ ಹೋಗಿ ನಿಂತಿರ್ತಾನ!" ಅವನು ಹೇಳಿದ್ದು ಪಿಂಕಿಯ ಬಗ್ಗೆ. ಹಿಂದಿನಿಂದ ಒಬ್ಬ, ಮುಂದಿನಿಂದ ಒಬ್ಬ ಬಂದಾಗ ಯಾಕೆ ಮೈ ಜುಮ್ಮೆನ್ನುತ್ತದೆ ಅಂತ ಅವತ್ತು ಕಣ್ಣಾರೆ ನೋಡಿದೆ. ಅದೇ ರಾತ್ರಿ ಹಳೇ ಕೋಡ್ ಅಳಿಸಿ ಹೊಸದು ಬರೆದೆ, ಮೊದಲಿನ ಅರ್ಧದಷ್ಟೂ ಉದ್ದ ಇರಲಿಲ್ಲ.

ಮೂಲ ಆಟದಲ್ಲಿ ಒಂದು ತಪ್ಪೂ ಇದೆ. ಉಂಡೆ ಮೇಲ್ಮುಖವಾಗಿದ್ದಾಗ ಪಿಂಕಿಯ ಗುರಿ ನಾಲ್ಕು ಮನೆ ಮೇಲಕ್ಕಷ್ಟೇ ಅಲ್ಲ, ನಾಲ್ಕು ಮನೆ ಎಡಕ್ಕೂ ಸರಿಯುತ್ತದೆ. ನಾನು ಅದನ್ನು ತಿದ್ದಲಿಲ್ಲ. ಹಳೇ ಆಟಗಾರರು ಅದನ್ನೇ ನಂಬಿ ತಪ್ಪಿಸಿಕೊಳ್ಳುತ್ತಾರೆ, ತೆಗೆದರೆ ಅದು ಬೇರೆ ಆಟ ಆಗುತ್ತದೆ.

ಇನ್ನೊಂದು ಮುಖ್ಯ, ಉಸಿರಾಡಲು ಬಿಡುವು. ಮೊದಲ ಹಂತದಲ್ಲಿ ಭೂತಗಳು 7 ಸೆಕೆಂಡ್ ತಮ್ಮ ತಮ್ಮ ಮೂಲೆಗೆ ಹೋಗಿ, ಆಮೇಲೆ 20 ಸೆಕೆಂಡ್ ಬೆನ್ನಟ್ಟುತ್ತವೆ. ನಾನು ಮೊದಲು ಇದನ್ನು ಬಿಟ್ಟಿದ್ದೆ, ಆಡಿದವರೆಲ್ಲ ಎರಡು ನಿಮಿಷಕ್ಕೇ ಸುಸ್ತಾಗಿ ಎದ್ದು ಹೋಗುತ್ತಿದ್ದರು. ತಿರುವಿನಲ್ಲೂ ಜನ ಸಿಟ್ಟಾಗುತ್ತಿದ್ದರು, ಕೀ ಒತ್ತಿದ್ದು ಒಂದು ಚೂರು ಮುಂಚೆ ಆದರೆ ಉಂಡೆ ನೇರ ಹೋಗಿಬಿಡುತ್ತಿತ್ತು. ಒತ್ತಿದ ದಿಕ್ಕನ್ನು ನೆನಪಿಟ್ಟುಕೊಂಡು, ಕವಲು ಬಂದ ತಕ್ಷಣ ತಿರುಗಿಸಿದೆ, ಸರಿಹೋಯಿತು.

ಆಟವನ್ನು ಎಲ್ಲೂ ಹಾಕಿಲ್ಲ. ಹೆಸರು, ಚಿತ್ರ ಎಲ್ಲ ಈಗ ಬಂದೈ ನಾಮ್ಕೊ ಕಂಪನಿಯವು, ಕಲಿಯೋಕೆ ಕಟ್ಟಿದ್ದನ್ನು ಹಂಚೋದು ಸರಿಯಲ್ಲ. ಈಗ ಹೆಸರು, ಚಿತ್ರ, ಹಾದಿ ಮೂರನ್ನೂ ಬದಲಿಸಿ ನನ್ನದೇ ಆಟ ಮಾಡುತ್ತಿದ್ದೇನೆ. ಹಾದಿಯ ಎಡಗಡೆ ಕೆಳಮೂಲೆ ಇನ್ನೂ ಸರಿ ಕೂತಿಲ್ಲ, ಕ್ಲೈಡ್‌ನ ಜಾಗಕ್ಕೆ ತಂದ ಭೂತ ಅಲ್ಲಿಗೆ ಹೋದರೆ ಅಲ್ಲೇ ಸುತ್ತುತ್ತಾ ಉಳಿಯುತ್ತದೆ. ಈ ಭಾನುವಾರ ಮತ್ತೆ ಹುಡುಗರನ್ನು ಮಾಳಿಗೆಗೆ ಕರೆದಿದ್ದೇನೆ.