ಹಂಚು ಇಳಿಸುವ ಮೊದಲು ಹಳೇ ಮನೆಯನ್ನು ದಾಖಲಿಸಿಕೊಳ್ಳಿ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಜ್ಜನಮನೆಯ ಮಾಡು (ಛಾವಣಿ) ಬಿಚ್ಚುವ ಹಿಂದಿನ ದಿನ ನಾನು ಇನ್ನೂರು ಫೋಟೋ ತೆಗೆದಿದ್ದೆ. ವರ್ಷ ಕಳೆದು ನೋಡಿದರೆ ಯಾವ ಕಿಟಕಿ ಯಾವ ಕೋಣೆಯದು ಅಂತಲೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಮನೆಯೂ ಇಲ್ಲ, ಹೇಳಬೇಕಾದ ದೊಡ್ಡಮ್ಮನೂ ಇಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಅಂದಾಜಿನದ್ದೇ ಸಾಕು. ಪ್ರತಿ ಕೋಣೆಗೆ, ಬಾಗಿಲಿಗೆ, ಕಿಟಕಿಗೆ ಒಂದೊಂದು ನಂಬರು ಕೊಡಿ, ಆ ನಂಬರನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟೇ ಫೋಟೋ ತೆಗೆಯಿರಿ. ಜೊತೆಗೊಂದು ಸ್ಕೇಲೂ ಇರಲಿ.

ಹೆಸರು ಕೇಳಲು ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. ಚಾವಡಿ, ಉಗ್ರಾಣ, ಉಪ್ಪರಿಗೆ, ದಾರಂದ (ಬಾಗಿಲ ಚೌಕಟ್ಟು), ಮುಚ್ಚಿಗೆ (ಮರದ ಒಳಮಾಡು), ಪಕ್ಕಾಸು (ಮಾಡಿನ ಇಳಿಜಾರು ಮರ), ರೀಪು (ಹಂಚು ಕೂರುವ ಪಟ್ಟಿ)... ನಮ್ಮ ಕಾಸರಗೋಡಿನಲ್ಲಿ ಒಂದೇ ವಸ್ತುವನ್ನು ಮನೆಯವರು ಒಂದು ರೀತಿ ಕರೆದರೆ ತುಳು ಮಾತಾಡುವ ಆಚಾರಿ ಇನ್ನೊಂದು, ಮಲಯಾಳದ ಮೇಸ್ತ್ರಿ ಮತ್ತೊಂದು ಹೆಸರು ಹೇಳುತ್ತಾರೆ. ಮೂರನ್ನೂ ಬರೆದುಕೊಳ್ಳಿ. ಫೋನಿನಲ್ಲಿ ಅವರ ಮಾತನ್ನೇ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು, ಮರ ಹೋದ ಮೇಲೆ ಮಾತೂ ಹೋಗುತ್ತದೆ ಅಲ್ವಾ.

ಅಳತೆಗೆ ಇಬ್ಬರು ಬೇಕು. ಕೋಣೆಯ ಉದ್ದ, ಅಗಲದ ಜೊತೆ ಮೂಲೆಯಿಂದ ಮೂಲೆಗೂ ಟೇಪ್ ಹಿಡಿಯಿರಿ, ಹಳೇ ಮನೆಗಳ ಮೂಲೆ ನೇರವಾಗಿಯೇ ಇರುತ್ತದೆ ಅಂತ ನಂಬಬೇಡಿ. ಕೆಂಪುಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ಬಾಗಿಲ ಹತ್ತಿರ ಸಿಗುತ್ತದೆ. ಆಮೇಲೆ ಸೆಂಟಿಮೀಟರಿನ ಲೆಕ್ಕವನ್ನು 72ರಿಂದ ಭಾಗಿಸಿ ನೋಡಿ. ಹಳೇ ಆಚಾರಿಗಳ ಅಳತೆಯಲ್ಲಿ 24 ಅಂಗುಲದ ಒಂದು ಕೋಲು ಅಂದರೆ ಹೆಚ್ಚುಕಡಿಮೆ ಅಷ್ಟೇ, ಈ ಅಂಗುಲ ಇಂಚಲ್ಲ, ಸುಮಾರು 3 ಸೆಂಟಿಮೀಟರು. ಲೆಕ್ಕ ಸರಿಯಾಗಿ ಕೂತರೆ, ಮನೆ ಕಟ್ಟಿದ ಆಚಾರಿಯ ಮನಸ್ಸಿನಲ್ಲಿದ್ದ ಅಳತೆ ನಿಮ್ಮ ಕೈಗೆ ಸಿಕ್ಕಿತು ಅಂತಲೇ ಲೆಕ್ಕ.

ದಾರಂದದ ಕೆತ್ತನೆಗೆ ಫ್ಲ್ಯಾಶ್ ಹಾಕಬೇಡಿ. ಕತ್ತಲೆ ಮಾಡಿ ಟಾರ್ಚನ್ನು ಮರಕ್ಕೆ ತಾಗುವಷ್ಟು ಪಕ್ಕದಿಂದ ಹಿಡಿಯಿರಿ, ಎದುರಿನಿಂದ ಕಾಣದೇ ಇದ್ದ ಎಸಳು, ಬಳ್ಳಿ, ಉಳಿಯ ಏಟು ಕೂಡ ಎದ್ದು ಬರುತ್ತದೆ. ಅಂಚಿನ ತಿರುವು ಬೇಕಾದರೆ ಸೋಲ್ಡರಿಂಗ್ ಬೆಸುಗೆಗೆ ಬಳಸುವ ಮೆದು ತಂತಿಯನ್ನು ಅದರ ಮೇಲೆ ಒತ್ತಿ, ಮೆಲ್ಲ ತೆಗೆದು, ಕಾಗದದ ಮೇಲಿಟ್ಟು ಗೆರೆ ಎಳೆಯಿರಿ. ಬಣ್ಣ ಮಾತ್ರ ಕೆರೆಯಬೇಡಿ. ಮೊದಲೇ ಒಡೆದ ಕಡೆ ಹತ್ತಿರದಿಂದ ನೋಡಿದರೆ ಸುಣ್ಣದ ಪದರಗಳು ಕಾಣುತ್ತವೆ.

ಹಂಚಿನ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ ಸಂಸ್ಥೆಯ ಹಂಚಿನ ಹಿಂದೆ 1865 ಅಂತ ಅಚ್ಚಿದ್ದರೆ ಮನೆ ಆ ವರ್ಷದ್ದು ಅಂತ ಅರ್ಥ ಅಲ್ಲ, ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಂಚನ್ನು ಆಮೇಲೆ ಬದಲಾಯಿಸಿರಲೂಬಹುದು. ಕಾಲ ಗೊತ್ತಾಗಬೇಕಾದರೆ ಪೆಟ್ಟಿಗೆಯಲ್ಲಿರುವ ಕನ್ನಡದ ಹಳೇ ಪತ್ರಗಳನ್ನೂ ತೆಗೆದು ನೋಡಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದೆವಲ್ಲ.

ಹಂಚು ಇಳಿಸುವ ದಿನ ತಪ್ಪದೆ ಅಲ್ಲೇ ಇರಿ. ಪಕ್ಕಾಸಿನ ಜೋಡಣೆ, ಮರದ ಆಣಿ, ಉಳಿಯಲ್ಲಿ ಕೊರೆದ ಗುರುತು ಕಾಣುವುದು ಅವತ್ತು ಮಾತ್ರ. ಮರ ಹಲಸೋ, ಬೋಗಿಯೋ, ತೇಗವೋ ಅಂತ ಅಲ್ಲಿರುವ ಆಚಾರಿಯ ಹತ್ತಿರ ಆಗಲೇ ಕೇಳಿ ಬರೆದುಕೊಳ್ಳಿ. ಎಲ್ಲ ಮುಗಿದ ಮೇಲೆ ಒಂದು ಪ್ರತಿ ಪ್ರಿಂಟ್ ಹಾಕಿಸಿ ಆ ಮನೆಯವರಿಗೇ ಕೊಡಿ.