ಕಾಂಡಕೊರಕ ತಿಂದ ಮಾವಿನ ಮರಕ್ಕೆ ನಾನು ಏನೇನ್ ಮಾಡ್ದೆ

ಹಿತ್ತಲ ಮಾವಿನ ಮರದಲ್ಲಿ ಒಂದು ದೊಡ್ಡ ಕೊಂಬೆಯ ಎಲೆ ಹಳದಿಯಾಗಿ ಉದುರೋಕೆ ಶುರುವಾದಾಗ ನೀರು ಸಾಲ್ತಿಲ್ಲ ಅನ್ಕೊಂಡು ದಿನಾ ನೀರು ಬಿಟ್ಟೆ, ಗೊಬ್ಬರಾನೂ ಹಾಕ್ದೆ, ಎರಡು ತಿಂಗ್ಳು ಹಂಗೇ ಹೋಯ್ತು. ಬುಡದಲ್ಲಿ ಗರಗಸದ ಹೊಟ್ಟಿನ ಥರ ಪುಡಿ ಬೀಳ್ತಿತ್ತು, ಅದನ್ನ ದಿನಾ ಗುಡಿಸಿ ಎಸೀತಿದ್ದೆ. ಅದೇ ಗುರುತು ಅಂತ ಗೊತ್ತಾಗ್ಲಿಲ್ಲವಲ್ಲ ಅಂತ ಈಗ್ಲೂ ಸಂಕಟ ಆಗತ್ತೆ.

ಆ ಪುಡಿ ಕಾಂಡಕೊರಕ ಹುಳು ಹೊರಗೆ ತಳ್ಳೋ ಹಿಕ್ಕೆ. ಉದ್ದ ಮೀಸೆಯ, ಸುಮಾರು 5 ಸೆಂ.ಮೀ. ಇರೋ ಬೂದು ಬಣ್ಣದ ದುಂಬಿ ತೊಗಟೆ ಸೀಳಿ ಮೊಟ್ಟೆ ಇಡತ್ತೆ, ಮರಿಹುಳು ಒಳಗೆ ಸುರಂಗ ಕೊರ್ಕೊಂಡು ತಿಂಗಳುಗಟ್ಲೆ ಅಲ್ಲೇ ಇರತ್ತೆ. ಬೇರಿಂದ ನೀರು ಏರೋ ದಾರೀನೇ ಕಡಿದು ಹಾಕಿದ್ಮೇಲೆ ನಾನು ಎಷ್ಟು ನೀರು ಬಿಟ್ರೇನು, ಕೊಂಬೆಗೆ ತಲುಪ್ತಾನೇ ಇರ್ಲಿಲ್ಲ.

ಮೊದ್ಲು ಜೀವ ಎಲ್ಲೆಲ್ಲಿದೆ ಅಂತ ನೋಡ್ದೆ. ಚಾಕು ತುದೀಲಿ ತೊಗಟೆ ಸ್ವಲ್ಪ ಕೆರೆದ್ರೆ ಕೆಳಗೆ ಹಸಿರಾಗಿ ತೇವ ಇದ್ರೆ ಬದುಕಿದೆ, ಕಂದು ಬಣ್ಣಕ್ಕೆ ತಿರುಗಿ ಒಣಗಿದ್ರೆ ಸತ್ತಿದೆ. ಒಂದು ಕೊಂಬೆ ಪೂರ್ತಿ ಹೋಗಿತ್ತು, ಕಾಂಡದ ಸುತ್ತಳತೇಲಿ ಕಾಲು ಭಾಗದಷ್ಟು ಹಾಳಾಗಿತ್ತು. ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ ಬಹುಶಃ ಮರಾನೇ ಕಡಿಸ್ತಿದ್ದೆ, ಮನೆ ಕಡೆ ವಾಲಿರೋ ಮರ ಅದು.

ಆಮೇಲೆ ತೂತು ಹುಡುಕೋ ಕೆಲ್ಸ. ಸಡಿಲ ಆಗಿದ್ದ ತೊಗಟೇನ ಮೆಲ್ಲಗೆ ಬಿಡಿಸ್ದೆ, ಹಸಿ ಹಿಕ್ಕೆ ಇರೋ ತೂತು ಏಳು ಸಿಕ್ವು, ಹಳೇ ಒಣಗಿದ ತೂತಲ್ಲಿ ಹುಳು ಇರಲ್ಲ ಅದರ ಹಿಂದೆ ಬೀಳೋದು ಬೇಡ. ಮೊದ್ಲು ಸೈಕಲ್ ಕಡ್ಡಿ ಹಾಕಿ ನೋಡ್ದೆ, ಸುರಂಗ ಸೊಟ್ಟಗಿರತ್ತೆ, ಕಡ್ಡಿ ಬಾಗಲ್ಲ. ಹಳೇ ಬ್ರೇಕ್ ಕೇಬಲ್‌ನ ಎಳೆ ಬಿಡಿಸಿ ತುದಿ ಕೊಕ್ಕೆ ಮಾಡಿ ತಿರುಗಿಸ್ತಾ ಒಳಗೆ ಬಿಟ್ರೆ ಮೆತ್ತಗೆ ಏನೋ ತಗಲೋದು ಕೈಗೆ ಗೊತ್ತಾಗತ್ತೆ. ಬೆರಳುದ್ದದ ಕೆನೆಬಣ್ಣದ ಹುಳು, ನಾಲ್ಕು ತೆಗೆದೆ. ಉಳಿದ ಮೂರು ತೂತಿಗೆ ಸೀಮೆಎಣ್ಣೇಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿದೆ. ಎಣ್ಣೆ ಸುರೀಬಾರ್ದು, ಹತ್ತಿ ಒದ್ದೆಯಾಗೋಷ್ಟು ಸಾಕು, ಜಾಸ್ತಿಯಾದ್ರೆ ಬದುಕಿರೋ ಭಾಗಕ್ಕೂ ಏಟು.

ಸತ್ತ ಕೊಂಬೇನ ಮೊದ್ಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿಂದ ಕೊಯ್ದೆ, ಇಲ್ಲಾಂದ್ರೆ ಬೀಳೋವಾಗ ಕಾಂಡದ ತೊಗಟೆ ಸಿಗಿದ್ಕೊಂಡು ಬರತ್ತೆ. ಕಡಿದ ಕೊಂಬೇನ ಮೂಲೇಲಿ ಪೇರಿಸಿ ಇಡ್ಲಿಲ್ಲ, ಸುಟ್ಟುಬಿಟ್ಟೆ, ಇಲ್ಲಾಂದ್ರೆ ಒಳಗಿರೋ ಹುಳು ದುಂಬಿಯಾಗಿ ವಾಪಸ್ ಇದೇ ಮರಕ್ಕೆ ಬರತ್ತೆ. ಗಾಯಕ್ಕೆ ಬೋರ್ಡೋ ಪೇಸ್ಟ್, ಅಂದ್ರೆ ಬೂಷ್ಟು ತಡೆಯೋ ಲೇಪ, ಹಚ್ಚಿದೆ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಕಲಸೋದು, ಕಬ್ಬಿಣದ ಪಾತ್ರೆ ಆಗಲ್ಲ.

ನೀರು ಈಗ ಬುಡಕ್ಕೆ ಬಿಡಲ್ಲ, ಕೊಂಬೆ ನೆರಳು ಮುಗಿಯೋ ಕಡೆ ಬಿಡ್ತೀನಿ. ಮುಂದಿನ ಮಳೆಗೆ ಮೂರು ಕೊಂಬೇಲಿ ಕೆಂಪು ಚಿಗುರು ಬಂತು, ಕಡಿದ ಪಕ್ಕ ಬೋಳಾಗೇ ಇದೆ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡ್ಕೊಂಡು ಕಾಂಡ ನೋಡ್ತೀನಿ, ಎರಡು ದುಂಬಿ ಹಿಡ್ದೆ. ಹೋದ ವಾರ ಹೊಸ ಜಾಗದಲ್ಲಿ ಮತ್ತೆ ಒಂದು ಚಮಚದಷ್ಟು ಹಸಿ ಪುಡಿ ಕಾಣಿಸ್ತು, ಅವತ್ತೇ ಕೇಬಲ್ ತಗೊಂಡು ಹತ್ತಿದೆ, ಈ ಸಲ ಹುಳು ಇನ್ನೂ ಚಿಕ್ಕದಿತ್ತು.