ಹತ್ತು ಹುಣಸೆಬೀಜ, ಐದು ದೊನ್ನೆ: ಆಪ್ಷನ್ ಎಂಟ್ರಿಗೆ ಮುಂಚೆ ನಾನು ಮಾಡುವ ಕೆಲಸ

ನಮ್ಮ ಸ್ಟಾಫ್ ರೂಮಿನಲ್ಲಿ ನನಗೆ ‘ಚೌಕಾಬಾರ ಮೇಷ್ಟ್ರು’ ಎಂದು ಹೆಸರಿಟ್ಟು ನಾಲ್ಕು ವರ್ಷವಾಯಿತು. ಹೆಸರಿಟ್ಟವರೇ ಕಳೆದ ಜೂನ್‌ನಲ್ಲಿ ತಮ್ಮ ಮಗನನ್ನೂ ವಯಸ್ಸಾದ ಅಪ್ಪನನ್ನೂ ಕರೆದುಕೊಂಡು ಚಿಂತಾಮಣಿಯ ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಚಪ್ಪಲಿ ಬಿಟ್ಟು, “ಆ ಬೀಜದ ಆಟ ನಮಗೂ ಆಡಿಸಿ” ಎಂದರು. ಇನ್ನು ಬರೆಯಬಹುದು ಎನಿಸಿದ್ದು ಅಂದೇ. ಸಿಇಟಿ ಬರೆದ ಮಕ್ಕಳು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಿ ತುಂಬುವುದೇ ಆಪ್ಷನ್ ಎಂಟ್ರಿ; ಅದಕ್ಕೆ ಮುಂಚೆ ಮನೆಯವರ ಮನಸ್ಸು ತಿಳಿಯಲು ನಾನು ಆಡಿಸುವ ಆಟವಿದು.

ರ‍್ಯಾಂಕು, ಕಟ್‌ಆಫ್, ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಛಾಯ್ಸ್ ಒಂದರಿಂದ ನಾಲ್ಕರ ತನಕದ ತಕರಾರು, ಇವೆಲ್ಲ ಪಿಯು ಕಾಲೇಜಿನಲ್ಲಿ ಇರುವವರಿಗೆ ಗೊತ್ತು. ಅದರ ಗೋಜಿಗೆ ಹೋಗುವುದಿಲ್ಲ. ಸೀಟು ಸಿಕ್ಕಿ, ಶುಲ್ಕ ಕಟ್ಟಿ, ಎರಡು ತಿಂಗಳಿಗೆ ಹುಡುಗ ಪೆಟ್ಟಿಗೆ ಹೊತ್ತುಕೊಂಡು ಊರಿಗೆ ವಾಪಸ್ ಬರುತ್ತಾನಲ್ಲ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಸೋತ ಕಥೆ. 2016ರ ಸುಮಾರಿಗೆ ನಾನು ಎಕ್ಸೆಲ್ ಶೂರ. ಮೂರು ವರ್ಷದ ಕಟ್‌ಆಫ್ ಇಳಿಸಿಕೊಂಡು ಪ್ರವರ್ಗವಾರು ವಿಂಗಡಿಸಿದ್ದೆ. ರ‍್ಯಾಂಕು ಹೊಡೆದರೆ ಸಿಗುವ ಕಾಲೇಜು ಹಸಿರು, ಸಿಗದ್ದು ಕೆಂಪು. ಕೈವಾರದ ಕಡೆಯ ಹುಡುಗಿಯೊಬ್ಬಳಿಗೆ ನಾನು ಹೇಳಿದ ಬೆಂಗಳೂರಿನ ಕಾಲೇಜೇ, ಹೇಳಿದ ಬ್ರಾಂಚೇ ಸಿಕ್ಕಿತು. ಮನೆಗೆ ಬಂದು ಪೇಡ ಕೊಟ್ಟು ಹೋದರು. ಹದಿನೈದು ದಿನಕ್ಕೆ ಅವಳ ಅಪ್ಪ ಒಬ್ಬರೇ ಬಂದರು. ಅವರ ತಾಯಿ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, “ಹೆಣ್ಣುಮಗಳನ್ನು ಗೊತ್ತಿಲ್ಲದ ಊರಿನ ಹಾಸ್ಟೆಲಿನಲ್ಲಿ ಬಿಟ್ಟರೆ ನನ್ನ ಹೆಣ ನೋಡುತ್ತೀಯ” ಎನ್ನುತ್ತಿದ್ದಾರೆ. ಐವತ್ತು ಚಿಲ್ಲರೆ ಸಾವಿರ ಶುಲ್ಕ, ಹಾಸ್ಟೆಲ್ ಮುಂಗಡ ಬೇರೆ. ಹಸು ಮಾರಿ ತಂದ ದುಡ್ಡು. ವರ್ಷವೆಲ್ಲ ಓಡಾಡಿ ಅರ್ಧವೂ ವಾಪಸ್ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಆ ಅಜ್ಜಿಗೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಮುಂದಿನ ವರ್ಷ ಬುದ್ಧಿ ಬಂತು ಎಂದುಕೊಂಡು ಇಡೀ ಮನೆಯವರನ್ನು ಒಟ್ಟಿಗೆ ಕೂರಿಸತೊಡಗಿದೆ. ಟೀ, ಬೋಂಡ ನನ್ನ ಖರ್ಚು. ಅಪ್ಪಂದಿರು ಮಾತಾಡಿದರು, ಮಕ್ಕಳು ಮೊಬೈಲ್ ನೋಡಿದರು, ತಾಯಂದಿರು ಟೀ ಲೋಟ ಎತ್ತಿಟ್ಟರು. ಒಂದು ಮನೆಯಲ್ಲಂತೂ ತಾತನಿಗೂ ಅಪ್ಪನಿಗೂ ಜಗಳವೇ ಹತ್ತಿತು. ಮೂವತ್ತು ವರ್ಷದ ಹಿಂದೆ ಮಗನನ್ನು ಡಿಪ್ಲೊಮಾಗೆ ಕಳಿಸದೆ ತೋಟಕ್ಕೆ ಹಾಕಿದ್ದು ಏಕೆ ಎಂಬ ಲೆಕ್ಕ ಆ ದಿನ ನಮ್ಮ ಜಗಲಿಯ ಮೇಲೆ ಚುಕ್ತಾ ಆಯಿತು. ಹುಡುಗ ಎದ್ದು ಹೋಗಿ ಬೈಕಿನ ಮೇಲೆ ಕುಳಿತಿದ್ದ.

ಮೂರನೆಯದು ಪ್ರಶ್ನಾವಳಿ. ಇಪ್ಪತ್ತು ಪ್ರಶ್ನೆ, ನೂರು ಪ್ರತಿ, ಮುದ್ರಣಕ್ಕೆ ಸಾವಿರದ ಎಂಟುನೂರೋ ಏನೋ ಆಯಿತು. ನಮ್ಮ ಕಡೆ ಮನೆಮಾತು ಅರ್ಧ ತೆಲುಗು. ಅಜ್ಜಿಯರಲ್ಲಿ ಬಹಳ ಮಂದಿಗೆ ಅಕ್ಷರವಿಲ್ಲ. ಮೊಮ್ಮಕ್ಕಳೇ ಅವರ ಹೆಸರಿನಲ್ಲಿ ತುಂಬಿ ತಂದರು. ಎಲ್ಲ ಅಜ್ಜಿಯರೂ ‘ಕೃತಕ ಬುದ್ಧಿಮತ್ತೆಗೆ ಒಳ್ಳೆಯ ಭವಿಷ್ಯವಿದೆ’ ಎಂದು ಅಭಿಪ್ರಾಯಪಟ್ಟಿದ್ದರು. ಉಳಿದ ಪ್ರತಿಗಳ ಹಿಂಬದಿಯಲ್ಲಿ ನನ್ನ ಮಗಳು ಲೆಕ್ಕ ಮಾಡಿದಳು.

ಬೀಜದ ಯೋಚನೆ ಕೊಟ್ಟವರು ನನ್ನ ತಾಯಿ. ಮಗಳ ಕಾಲೇಜಿನ ವಿಷಯಕ್ಕೆ ನಾನೂ ಹೆಂಡತಿಯೂ ಹಗ್ಗ ಜಗ್ಗುತ್ತಿದ್ದಾಗ ಅಮ್ಮ ಚೌಕಾಬಾರಕ್ಕೆಂದು ಉಜ್ಜಿ ಇಟ್ಟುಕೊಂಡ ಹುಣಸೆಬೀಜಗಳನ್ನು ನನ್ನ ಮುಂದೆ ಸುರಿದು, “ನನಗೂ ಒಂದು ಓಟು ಇದೆಯಲ್ಲ, ಎಲ್ಲಿ ಹಾಕಲಿ?” ಎಂದರು. ತಮಾಷೆಗೆ ಅಂದದ್ದು. ನಾನು ಹಿಡಿದುಕೊಂಡೆ.

ಈಗಿನ ರೂಪ ಹೀಗಿದೆ. ತಾತ ಅಥವಾ ಅಜ್ಜಿ, ಅಪ್ಪ ಅಥವಾ ಅಮ್ಮ, ಹುಡುಗ ಅಥವಾ ಹುಡುಗಿ. ಒಬ್ಬೊಬ್ಬರಿಗೂ ಹತ್ತು ಬೀಜ. ಮುಂದೆ ಐದು ದೊನ್ನೆ. ಓದಲು ಬಾರದವರಿಗೂ ತಿಳಿಯಲೆಂದು ಒಂದೊಂದರಲ್ಲೂ ಒಂದು ಗುರುತು: ಊಟ-ವಸತಿಗೆ ಚಿಟಿಕೆ ರಾಗಿಹಿಟ್ಟು, ಖರ್ಚು-ಸಾಲಕ್ಕೆ ನಾಣ್ಯ, ಕೆಲಸಕ್ಕೆ ಪೆನ್ನಿನ ಮುಚ್ಚಳ, ಹೆಸರಿಗೆ ಹೂವು, ದೂರಕ್ಕೆ ಬಸ್ ಟಿಕೆಟು. ಯಾವ ಕಾಲೇಜಿನ ಹೆಸರನ್ನೂ ಎತ್ತುವಂತಿಲ್ಲ. ಯಾವುದು ಹೆಚ್ಚು ಕಾಡುತ್ತದೆಯೋ ಅಲ್ಲಿ ಹೆಚ್ಚು ಬೀಜ. ಒಬ್ಬರು ಹಾಕುವಾಗ ಉಳಿದವರು ಇನ್ನೊಂದು ಕೋಣೆಯಲ್ಲಿ. ಇಪ್ಪತ್ತು ಬೀಜ ಕೊಟ್ಟು ನೋಡಿದೆ, ಎಲ್ಲ ಕಡೆಗೂ ನಾಲ್ಕು ನಾಲ್ಕು ಹಂಚಿ ಕೈ ತೊಳೆದುಕೊಂಡರು. ಐದು ಕೊಟ್ಟರೆ ಸಾಲದು.

ಶುರುವಿನಲ್ಲಿ ದೊನ್ನೆ ಇರಲಿಲ್ಲ, ಸ್ಟೀಲ್ ತಟ್ಟೆ ಇಡುತ್ತಿದ್ದೆ. ಒಂದು ದಿನ ಹುಡುಗನೊಬ್ಬ ಒಳಗೆ ಬಂದವನೇ, “ಸಾರ್, ಅಪ್ಪ ಮೊದಲನೇ ತಟ್ಟೆಗೆ ಒಂದು, ಎರಡನೆಯದಕ್ಕೆ ಆರು ಹಾಕಿದರು, ಅಲ್ಲವೇ?” ಎಂದ. ಟಿಣ್ ಟಿಣ್ ಸದ್ದನ್ನು ಗೋಡೆಯಾಚೆ ಕುಳಿತು ಎಣಿಸಿದ್ದ! ಅಪ್ಪನಿಗೆ ಸಾಲದ್ದೇ ಚಿಂತೆ ಎಂದು ತಿಳಿದವನು ತನ್ನ ಬೀಜಗಳನ್ನೂ ಅಲ್ಲಿಗೇ ಹಾಕಿದ. ಅಂದಿನಿಂದ ಮುತ್ತುಗದೆಲೆಯ ದೊನ್ನೆ. ಸದ್ದಿಲ್ಲ, ಕಟ್ಟೊಂದಕ್ಕೆ ಎಪ್ಪತ್ತು ಎಂಬತ್ತು ರೂಪಾಯಿ, ಒಂದು ಕಟ್ಟು ಒಂದು ಬೇಸಿಗೆಗೆ ಸಾಕು.

ಮೂವರದೂ ಆದ ಮೇಲೆ ಎಲ್ಲರನ್ನೂ ಕರೆದು ತೋರಿಸುತ್ತೇನೆ. ಆಗ ನಾನು ಬಾಯಿ ಬಿಡುವುದಿಲ್ಲ. ಬಿಡದೆ ಇರುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಅತಿ ಹೆಚ್ಚು ಮೋಸ ಮಾಡುವುದು ಹೂವಿನ ದೊನ್ನೆ. ‘ಹೆಸರಿರುವ ಕಡೆ ಸೇರಿಸಬೇಕು’ ಎಂದು ಮೂರು ತಲೆಮಾರಿನವರೂ ಹೇಳುತ್ತಾರೆ, ಮೂವರ ಹೆಸರೂ ಬೇರೆ. ಸೆಂಟ್ರಲ್ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದ ಕಾಲ ಕಂಡ ತಾತ ಒಬ್ಬರಿದ್ದಾರೆ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯವೇ ಅವರಿಗೆ ಹೊಸಬ. ಅಂಥವರ ಮುಂದೆ, 2017ರಲ್ಲಿ ಅದು ಮೂರು ಹೋಳಾಗಿ ನಮ್ಮ ಭಾಗ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂತು ಎಂದರೆ, “ಕೋಲಾರಕ್ಕೂ ಯೂನಿವರ್ಸಿಟಿಯೇ?” ಎನ್ನುತ್ತಾರೆ. ಅದೇ ಕಾಲೇಜು, ಅದೇ ಮೇಷ್ಟ್ರುಗಳು, ಅಂಕಪಟ್ಟಿಯ ತಲೆಬರಹ ಬದಲಾಯಿತು ಎಂಬ ಒಂದೇ ಕಾರಣಕ್ಕೆ ಆ ವರ್ಷ ಮಕ್ಕಳನ್ನು ಬೆಂಗಳೂರಿಗೆ ಸಾಗಿಸಿದ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ಅಪ್ಪಂದಿರ ಹೆಸರು ಬೇರೆ ಜಾತಿಯದು. 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬಂದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ಛತ್ರಿಯ ಕೆಳಗೆ ಬಂದವು. ಹಾಗಾಗಿ ಅವರಿಗೆ ವಿಶ್ವವಿದ್ಯಾಲಯ ಲೆಕ್ಕಕ್ಕಿಲ್ಲ, ಕಾಲೇಜೇ ಮುಖ್ಯ, ಅದರಲ್ಲೂ ಯಾವ ಕಂಪನಿ ಬರುತ್ತದೆ ಎಂಬುದು. ಮಕ್ಕಳಿಗೆ ಮತ್ತೆ ವಿಶ್ವವಿದ್ಯಾಲಯವೇ ಬೇಕು, ಆದರೆ ಹೆದ್ದಾರಿಯ ಫಲಕದ ಮೇಲೆ ಗಾಜಿನ ಕಟ್ಟಡ ತೋರಿಸುವ ಖಾಸಗಿಯದು. ಈ ಮೂರು ‘ಹೆಸರು’ಗಳನ್ನು ಒಂದೇ ದೊನ್ನೆಗೆ ಸುರಿದರೆ ನನಗೇನು ತಿಳಿಯಬೇಕು? ಅದಕ್ಕೇ ಹೂವಿನ ದೊನ್ನೆಗೆ ನಾಲ್ಕಕ್ಕಿಂತ ಹೆಚ್ಚು ಬಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ನಾಲ್ಕು ವರ್ಷದ ಸಂಪಾದನೆ, ಅದೊಂದು ನನಗಿರಲಿ.

ಒಂದು ಮನೆಯದನ್ನು ವಿವರವಾಗಿ ಹೇಳಬೇಕು. ಶಿಡ್ಲಘಟ್ಟದ ಕಡೆಯ ಹಳ್ಳಿ, ರೇಷ್ಮೆಯವರು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು, ಮನೆ ಬಿಟ್ಟು ಯಾರೂ ಬರುವಂತಿಲ್ಲ, ನಾನೇ ಹೋದೆ. ಹುಳುಮನೆಯ ಬಾಗಿಲಲ್ಲಿ ದೊನ್ನೆ ಇಟ್ಟೆ. ಒಳಗೆ ಹುಳು ಸೊಪ್ಪು ಮೇಯುವ ಸದ್ದು ತಗಡಿನ ಮೇಲೆ ತುಂತುರು ಬಿದ್ದಂತೆ. ಹುಡುಗಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂದು ಮನೆಯವರೆಲ್ಲ ತೀರ್ಮಾನಿಸಿಯಾಗಿತ್ತು. ತಾತ ಎಪ್ಪತ್ತೆಂಟರವರು, ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ‘ಹೆಸರು’ ಎನ್ನುತ್ತಾರೆ ಎಂದುಕೊಂಡಿದ್ದೆ. ಒಂಬತ್ತು ಬೀಜವನ್ನು ಕೆಲಸದ ದೊನ್ನೆಗೆ ಸುರಿದು, ಉಳಿದ ಒಂದನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತು ಕೊನೆಗೆ ರಾಗಿಹಿಟ್ಟಿನ ಮೇಲಿಟ್ಟರು. ಅಪ್ಪ ಐದನ್ನು ಸಾಲಕ್ಕೆ ಹಾಕಿದರು. ಎರಡು ಬೋರ್‌ವೆಲ್ ಒಣಗಿದ ವರ್ಷ ಅದು. ಹುಡುಗಿ ಕೈ ತೊಳೆದು ಬಂದವಳು ಯೋಚಿಸಲೂ ಇಲ್ಲ, ಆರನ್ನು ಬಸ್ ಟಿಕೆಟಿನ ಮೇಲೆ ಹಾಕಿದಳು. ದೂರ ಹೋಗಬೇಕೆಂಬುದು ಅವಳ ಆಸೆ ಎಂದು ಮನೆಯವರೆಲ್ಲ ನಂಬಿದ್ದರು. ಅವಳು ಹೆದರಿದ್ದು ದೂರಕ್ಕೇ. “ನಾನಿಲ್ಲದಿದ್ದರೆ ಐದನೇ ಹಂತದಲ್ಲಿ ರಾತ್ರಿ ಸೊಪ್ಪು ಯಾರು ಹಾಕುತ್ತಾರೆ? ಅಮ್ಮನಿಗೆ ಸೊಂಟ ಆಗುವುದಿಲ್ಲ” ಎಂದಳು. ಅವಳ ತಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಪಟ್ಟಿಯ ತಲೆಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದೇ ಆದ, ರೇಷ್ಮೆ ಕೃಷಿ ಕಲಿಸುವ ಚಿಂತಾಮಣಿಯ ಕಾಲೇಜು ಬಂತು, ಅದರ ಕೆಳಗೆ ಅದೇ ವಿಶ್ವವಿದ್ಯಾಲಯದ ಬೆಂಗಳೂರಿನ ಮುಖ್ಯ ಆವರಣ ಜಿಕೆವಿಕೆ. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ತಾತನೇ ಮೇಷ್ಟ್ರು: ಬೀಜ, ಗೊಬ್ಬರ, ಸಲಕರಣೆಗಳನ್ನು ಅಂಗಳದಲ್ಲಿ ಹರಡಿ ಒಂದು ವಾರ ಪಾಠ ಮಾಡಿದರು. ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ, “ಹುಳು ಸಾಕುವುದಕ್ಕೂ ಡಿಗ್ರಿ ಬೇಕೇ ಮೇಷ್ಟ್ರೇ?” ಎಂದು ನನ್ನನ್ನೇ ಜಾಡಿಸಿದರು. ಹುಡುಗಿ ಈಗ ಕೊನೆಯ ವರ್ಷ. ಶನಿವಾರ ಸಂಜೆ ಮನೆಗೆ ಬರುತ್ತಾಳೆ.

ಈ ಬೆಂಗಳೂರಿನ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರಿದ್ದಾರೆ. ಅವರನ್ನೂ ಸೇರಿಸಿಕೊಳ್ಳೋಣ ಎಂದು ಒಂದು ವರ್ಷ ವಾಟ್ಸ್ಆ್ಯಪ್ ವಿಡಿಯೊದಲ್ಲಿ ಆಡಿಸಿದೆ. ದೊನ್ನೆಯ ಬದಲು ಅಂಕಿ ಹೇಳಬೇಕು. ಹತ್ತು ಬೀಜಕ್ಕೆ ಹದಿನಾಲ್ಕು ಹಂಚಿದರು, ಜೊತೆಗೆ ಅರ್ಧ ಗಂಟೆ ಉಪನ್ಯಾಸ. ಮತ್ತೆ ಆ ಕಡೆ ಹೋಗಿಲ್ಲ. ಇನ್ನೊಂದು ಪ್ರಯೋಗ ಮಾತ್ರ ಈಗಲೂ ನಡೆಯುತ್ತದೆ: ಅಜ್ಜಿ ಎಲ್ಲಿ ಹಾಕಿರಬಹುದೆಂದು ಮೊಮ್ಮಕ್ಕಳು ಊಹಿಸಬೇಕು. ಹತ್ತರಲ್ಲಿ ಎಂಟು ಮಕ್ಕಳು ತಪ್ಪುತ್ತಾರೆ. ತಾತಂದಿರನ್ನು ಹಾಸ್ಟೆಲಿನ ಊಟಕ್ಕೆ ಕರೆದೊಯ್ಯುವುದೂ ಒಳ್ಳೆಯದೇ. ಮಠದ ಹಾಸ್ಟೆಲಿನಲ್ಲೋ ಸಮುದಾಯದ ವಿದ್ಯಾರ್ಥಿನಿಲಯದಲ್ಲೋ ಉಂಡು ಓದಿದ ತಲೆಮಾರು ಅದು. ಕಟ್ಟಡ ನೋಡುವುದಿಲ್ಲ, ಮುದ್ದೆ ಮುರಿದು ನೋಡುತ್ತಾರೆ. ಬಸ್ ಖರ್ಚು, ಊಟದ ಕೂಪನ್ ಸೇರಿ ತಲೆಗೆ ಮುನ್ನೂರಾಗುತ್ತದೆ. ಹಾಸ್ಟೆಲ್ ಮುಂಗಡ ಕಳೆದುಕೊಳ್ಳುವುದಕ್ಕಿಂತ ಅಗ್ಗ.

2023 ನನ್ನ ಲೆಕ್ಕವನ್ನೆಲ್ಲ ಕೆಡಿಸಿದ ವರ್ಷ. ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಅಲ್ಲಿಯವರೆಗೆ ದೂರದ ದೊನ್ನೆಗೆ ಏಳೆಂಟು ಬೀಜ ಸುರಿಯುತ್ತಿದ್ದ ಅಜ್ಜಿಯರು ಮೂರಕ್ಕೆ ಇಳಿದರು. ಗುರುತಿಗೆ ಶೂನ್ಯ ದರದ ಟಿಕೆಟನ್ನೇ ಇಡತೊಡಗಿದೆ. ಒಬ್ಬ ಅಜ್ಜಿ ಅದನ್ನೆತ್ತಿ ನೋಡಿ, “ಇದಿದ್ದರೆ ಬೇಕೆಂದಾಗ ಹೋಗಿ ಮಗುವನ್ನು ನೋಡಿಕೊಂಡು ಬರಬಹುದಲ್ಲ” ಎಂದು ಎಲ್ಲ ಬೀಜವನ್ನೂ ವಾಪಸ್ ತೆಗೆದು ಹೊಸದಾಗಿ ಹಾಕಿದರು. ಜುಲೈನಲ್ಲಿ ಟೊಮೆಟೊ. ಹದಿನೈದು ಕಿಲೋ ಬಾಕ್ಸು ಎರಡು ಸಾವಿರ ದಾಟಿತು. ಖರ್ಚಿನ ದೊನ್ನೆಗೆ ಅಪ್ಪಂದಿರು ಒಂದು ಬೀಜವನ್ನೂ ಹಾಕಲಿಲ್ಲ! ಒಬ್ಬರು ನೇರವಾಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕ್ಕಿಳಿದಿತ್ತು. ಎರಡನೇ ವರ್ಷದ ಶುಲ್ಕಕ್ಕೆ ಹೆಂಡತಿಯ ಒಡವೆ ಬ್ಯಾಂಕಿಗೆ ಹೋಯಿತು, ಆಮೇಲೆ ಹುಡುಗನೂ ವಾಪಸ್ ಬಂದ. ಈಗ ಟೊಮೆಟೊ ಬೆಳೆಯುವ ಅಪ್ಪಂದಿರಿಗೆ ಎರಡು ಸಲ ಹಾಕಿಸುತ್ತೇನೆ. ಒಮ್ಮೆ ಇವತ್ತಿನ ಬೆಲೆಗೆ, ಒಮ್ಮೆ ತೋಟದಲ್ಲೇ ಬಿಟ್ಟು ಬಂದ ವರ್ಷದ ಬೆಲೆಗೆ. ಎರಡನೆಯದನ್ನೇ ಬರೆದುಕೊಳ್ಳುತ್ತೇನೆ.

ನೆನಪಿನ ಲೆಕ್ಕ ಹೇಳುವುದಾದರೆ, ಎಕ್ಸೆಲ್ ಕಾಲದಲ್ಲಿ ವರ್ಷಕ್ಕೆ ನಲವತ್ತು ಮಕ್ಕಳಲ್ಲಿ ಎಂಟೊಂಬತ್ತು ಮಂದಿ ವಾಪಸ್ ಬರುತ್ತಿದ್ದರು ಅಥವಾ ಕಾಲೇಜು ಬದಲಿಸುತ್ತಿದ್ದರು. ಹಿಂದಿನ ಎರಡು ವರ್ಷ ಸೇರಿ ಮೂವರು. ಅದರಲ್ಲಿ ಒಬ್ಬ ಪ್ರೇಮಪ್ರಕರಣ, ಅದಕ್ಕೆ ನನ್ನ ಹತ್ತಿರ ದೊನ್ನೆಯಿಲ್ಲ. ದುಡ್ಡು ಕೇಳುವುದಿಲ್ಲ, ಕೊಟ್ಟರೆ ಬೇಡವೆನ್ನುವುದೂ ಇಲ್ಲ. ಹೆಚ್ಚಾಗಿ ಬರುವುದು ಅವರೆಕಾಯಿ, ಮಾವು, ಒಮ್ಮೆ ಒಂದು ಹುಂಜ.

ಯಾರನ್ನು ಮೊದಲು ಕೂರಿಸಬೇಕು ಎಂಬುದೂ ದೊಡ್ಡ ವಿಷಯವೇ. ಅದನ್ನೂ ಬರೆಯುವುದಿಲ್ಲ, ಬಂದು ನೋಡಿದವರಿಗೆ ಗೊತ್ತಾಗುತ್ತದೆ. ನಿಜವಾದ ಹಂಚಿಕೆಗೆ ಮುಂಚೆ ನಡೆಯುವ ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಸಂಜೆ ಇನ್ನೊಮ್ಮೆ ಆಡಿಸುವುದನ್ನು ಮಾತ್ರ ಬಿಡಬೇಡಿ. ಮೊದಲ ಸಲ ಸುಳ್ಳು ಹೇಳಿದ ಕೈ ಆ ಸಂಜೆ ಬೇರೆ ದೊನ್ನೆಗೆ ಹೋಗುತ್ತದೆ.

ಬೀಜ ಬೇಕಾದವರು ಫೆಬ್ರವರಿ, ಮಾರ್ಚ್‌ನಲ್ಲಿ ಹುಣಸೆಹಣ್ಣು ಕುಟ್ಟುವ ಮನೆಗಳಲ್ಲಿ ಕೇಳಿ, ಸೇರುಗಟ್ಟಲೆ ಪುಕ್ಕಟೆ ಕೊಡುತ್ತಾರೆ. ತೊಳೆದು ಚೆನ್ನಾಗಿ ಒಣಗಿಸಿಡಿ. ನಾನು ಹೋದ ವರ್ಷ ಸೋಮಾರಿತನ ಮಾಡಿದ್ದರಿಂದ ಡಬ್ಬದಲ್ಲೇ ಹುಳು ಹೊಡೆದಿತ್ತು. ಅವಸರದಲ್ಲಿ ಎಣಿಸಿ ಕೊಟ್ಟ ಹತ್ತರಲ್ಲಿ ಒಂದು ತೂತುಬಿದ್ದ ಬೀಜ ಸೇರಿಕೊಂಡು ಬಾಗೇಪಲ್ಲಿಯ ಅಜ್ಜಿಯೊಬ್ಬರ ಕೈಗೆ ಹೋಯಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದು ಲೆಕ್ಕಕ್ಕಿಲ್ಲ” ಎಂದು ಪಕ್ಕಕ್ಕಿಟ್ಟರು. ಬೇರೆ ಕೊಡುತ್ತೇನೆ ಎಂದರೂ ತೆಗೆದುಕೊಳ್ಳದೆ ಒಂಬತ್ತರಲ್ಲೇ ಆಟ ಮುಗಿಸಿ ಎದ್ದು ಹೋದರು.